ಸ್ಟ್ರಾಟ್‌ಫರ್ಡ್‌ನ ಹಳೇ ಗ್ರಾಮರ್ ಸ್ಕೂಲ್: ಆ ಮರ ನಿಜವಾಗಿ 600 ವರ್ಷದ್ದಾ?

ವಿರಾಜಪೇಟೆ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ರಿಟೈರ್ಡ್ ಪ್ರೈಮರಿ ಟೀಚರ್. ಮಗ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಕೆಲಸದಲ್ಲಿದ್ದಾನೆ. ಇಲ್ಲಿ ಮಳೆ ಹಿಡಿಯುವ ಮೊದಲೇ ಬಂದುಬಿಡು ಅಂತ ಟಿಕೆಟ್ ಮಾಡಿಸಿದ್ದಾನೆ. ಅಲ್ಲಿಗೆ ಹತ್ತಿರದಲ್ಲೇ ಸ್ಟ್ರಾಟ್‌ಫರ್ಡ್ ಇದೆಯಂತೆ. ಶೇಕ್ಸ್‌ಪಿಯರ್ ಓದಿದ ಗ್ರಾಮರ್ ಸ್ಕೂಲಿನ ಕಟ್ಟಡ ಇನ್ನೂ ನಿಂತಿದೆ, 600 ವರ್ಷದ್ದು, ತೋರಿಸುತ್ತೇನೆ ಅಂತ ಫೋಟೋ ಕಳಿಸಿದ್ದಾನೆ.

ನಮ್ಮ ಕಡೆ ಇಂಗ್ಲಿಷರ ಕಟ್ಟಡ ಅಂದರೆ ಮಡಿಕೇರಿ ಕೋಟೆಯೊಳಗಿನ ಸೇಂಟ್ ಮಾರ್ಕ್ಸ್ ಚರ್ಚ್ ತಾನೇ ಕಣ್ಣಿಗೆ ಬರೋದು? 1859ರದ್ದು, ಈಗ ಮ್ಯೂಸಿಯಂ ಆಗಿದೆ. ಗಟ್ಟಿ ಗೋಡೆ, ಚೂಪು ಕಮಾನಿನ ಕಿಟಕಿ. ಈ ಶಾಲೆ ಹಾಗಿಲ್ಲ. ಪೂರ್ತಿ ಮರದ ಚೌಕಟ್ಟು, ನಡುನಡುವೆ ಗೋಡೆ, ಮಹಡಿ ರಸ್ತೆ ಕಡೆಗೆ ಮುಂದಕ್ಕೆ ಚಾಚಿಕೊಂಡಿದೆ. ನಮ್ಮ ತವರಿನ ಹಳೇ ಮನೆಯಲ್ಲಿ ಕೈಯಾಲೆಯ (ಮುಂದಿನ ಜಗುಲಿಯ) ಕಂಬಗಳ ಬುಡ ಈಗಲೇ ಪುಡಿ ಉದುರುತ್ತಿದೆ. ಅದು ಅಷ್ಟೇನೂ ಹಳೇದಲ್ಲ. ಹಾಗಿರುವಾಗ ಮಳೆ, ಹಿಮ ಎರಡೂ ಇರುವ ಊರಲ್ಲಿ ಮರ 600 ವರ್ಷ ಬಾಳಿಕೆ ಬರುತ್ತದಾ? ಹೊಸ ಮರ ಹಾಕಿ ಹಳೇದು ಅಂತ ಟಿಕೆಟ್ ಮಾರುತ್ತಿಲ್ಲ ತಾನೇ? ಶೇಕ್ಸ್‌ಪಿಯರ್ ಅಲ್ಲೇ ಓದಿದ ಅನ್ನೋದಕ್ಕೆ ಆಧಾರ ಇದೆಯಾ? ನೋಡಿ ಬಂದವರು ಹೇಳಿ.

ಸೋಮವಾರಪೇಟೆ ಸಾಮಿಲ್

ಅಕ್ಕ, ನಾನು ನೋಡಿದ್ದೇನೆ. ಮಗಳು ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುವಾಗ ಕರೆದುಕೊಂಡು ಹೋಗಿದ್ದಳು. ಜೀವಮಾನವೆಲ್ಲ ಸಾಮಿಲ್ ನಡೆಸಿದವನು ನಾನು. ಶೇಕ್ಸ್‌ಪಿಯರ್ ವಿಷಯ ನನಗೆ ಅಷ್ಟಕ್ಕಷ್ಟೇ. ಎಲ್ಲರೂ ಮಹಡಿಯ ಕ್ಲಾಸಿನಲ್ಲಿ ಬೆಂಚು ನೋಡುತ್ತಿದ್ದರೆ ನಾನು ತಲೆ ಎತ್ತಿ ತೊಲೆ ನೋಡುತ್ತಿದ್ದೆ.

ಮರ ಹಳೇದೇ. ಎಲ್ಲ ತುಂಡೂ ಅಲ್ಲ, ಅಲ್ಲಲ್ಲಿ ಬದಲಾಯಿಸಿದ್ದಾರೆ. ಆದರೆ ಚೌಕಟ್ಟು 1420ರ ಹೊತ್ತಿನದು. ಅದನ್ನು ಶಾಲೆಗೆ ಅಂತ ಕಟ್ಟಿದ್ದೂ ಅಲ್ಲ. ಗಿಲ್ಡ್ ಆಫ್ ದ ಹೋಲಿ ಕ್ರಾಸ್ ಅಂತ ಊರಿನ ವ್ಯಾಪಾರಿಗಳು, ಕಸುಬುದಾರರು ಸೇರಿದ ಒಂದು ಸಂಘ ಇತ್ತು. ಸತ್ತವರಿಗೆ ಪ್ರಾರ್ಥನೆ ಮಾಡಿಸೋದು, ಊಟ ಹಾಕಿಸೋದು, ಬಡವರನ್ನು ನೋಡಿಕೊಳ್ಳೋದು, ಊರಿನ ಪಂಚಾಯ್ತಿಕೆ, ಎಲ್ಲ ಅವರದ್ದೇ. ಇದು ಅವರ ಸಭೆಯ ಮನೆ. ಅವರ ಶಾಲೆ ಹಿಂದಿನ ಅಂಗಳದಲ್ಲಿ ಬೇರೆ ಇತ್ತು. 1427ರಲ್ಲಿ ಕಟ್ಟಿದ ಆ ಪುಟ್ಟ ಮನೆಯೂ ಉಳಿದಿದೆ. ದಯವಿಟ್ಟು ಅದನ್ನು ನೋಡದೆ ಬರಬೇಡಿ. ಎಲ್ಲರೂ ದೊಡ್ಡ ಕಟ್ಟಡದ ಮುಂದೆ ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಾರೆ.

ಇನ್ನು ಬಾಳಿಕೆ ವಿಷಯ. ಓಕ್ ಮರ. ನಾವು ಕಂಬಕ್ಕೆ ಮರ ಕಡಿದರೆ ಒಣಗಿಸದೆ ಮುಟ್ಟುವುದಿಲ್ಲ, ಅಲ್ವಾ? ಅವರು ತದ್ವಿರುದ್ಧ. ಹಸಿ ಇರುವಾಗಲೇ ಕೆತ್ತುತ್ತಿದ್ದರು. ಓಕ್ ಒಣಗಿದ ಮೇಲೆ ಉಳಿ ತಿರುಗಿಬೀಳುತ್ತದೆ, ಅಷ್ಟು ಗಟ್ಟಿ. ಒಂದು ಮರದ ತುದಿಯನ್ನು ನಾಲಿಗೆಯಂತೆ ಕೆತ್ತಿ ಇನ್ನೊಂದರ ತೂತಿಗೆ ಕೂರಿಸುತ್ತಾರೆ. ಎರಡಕ್ಕೂ ಅಡ್ಡಲಾಗಿ ಓಕ್‌ನದ್ದೇ ಗೂಟ ಹೊಡೆಯುತ್ತಾರೆ. ಗೂಟದ ತೂತನ್ನು ಬೇಕಂತಲೇ ಕೂದಲೆಳೆಯಷ್ಟು ಆಚೀಚೆ ಕೊರೆದಿರುತ್ತಾರೆ. ಗೂಟ ಒಳಗೆ ಹೋದ ಹಾಗೆ ಎರಡೂ ಮರ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಆಮೇಲೆ ವರ್ಷಗಟ್ಟಲೆ ನಿಂತಲ್ಲೇ ಒಣಗಿ, ಸ್ವಲ್ಪ ತಿರುಚಿಕೊಂಡು ಇನ್ನೂ ಕಚ್ಚಿಕೊಳ್ಳುತ್ತದೆ. ಒಳಗೆ ಯಾವ ಗೆರೆಯೂ ನೆಟ್ಟಗಿಲ್ಲದೆ ಕಾಣುವುದಕ್ಕೆ ಕಾರಣ ಅದೇ. ಕಬ್ಬಿಣದ ಮೊಳೆಯ ಕೆಲಸ ಚೌಕಟ್ಟಿನಲ್ಲಿ ಇಲ್ಲ. ಇದ್ದಿದ್ದರೆ ಓಕ್‌ನ ಒಗರಿಗೆ ತುಕ್ಕು ಹಿಡಿದು, ಸುತ್ತ ಕಪ್ಪಾಗಿರುತ್ತಿತ್ತು.

ಆ ಕಾಲದ ಬಡಗಿಗಳು ಇಡೀ ಚೌಕಟ್ಟನ್ನು ಮೊದಲು ನೆಲದ ಮೇಲೆ ಜೋಡಿಸಿ ನೋಡುತ್ತಿದ್ದರು. ಸೇರುವ ತುಂಡುಗಳಿಗೆ ಉಳಿಯಿಂದ ರೋಮನ್ ಅಂಕಿ ಗೀಚಿ, ಬಿಚ್ಚಿ, ಆಮೇಲೆ ಜಾಗದಲ್ಲಿ ನಿಲ್ಲಿಸುವುದು. ಇಂಥ ಕಟ್ಟಡ ಯಾವುದಕ್ಕೆ ಹೋದರೂ ಜೋಡಣೆಯ ಹತ್ತಿರ ಆ ಗೀಚು ಹುಡುಕಿ, ಖುಷಿಯಾಗುತ್ತದೆ.

ನಡುವಿನ ಗೋಡೆ ನಿಮಗೆ ಹೊಸದೇನಲ್ಲ. ಕಂಬ ಕಂಬದ ಮಧ್ಯೆ ತಟ್ಟಿ ಹೆಣೆದು, ಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತಿ, ಮೇಲೆ ಸುಣ್ಣ. ನಾವು ಬಿದಿರು ಸೀಳುತ್ತೇವೆ, ಅವರು ಹೇಝಲ್ ಅನ್ನೋ ಗಿಡದ ಕೋಲು ಹೆಣೆಯುತ್ತಿದ್ದರು. ಕಂಬಗಳನ್ನು ಅಷ್ಟು ಒತ್ತೊತ್ತಾಗಿ ನಿಲ್ಲಿಸಿದ್ದು ಮಾತ್ರ ಬರೀ ದೌಲತ್ತು. ಕಟ್ಟಡ ನಿಲ್ಲುವುದಕ್ಕೆ ಅಷ್ಟು ಮರ ಬೇಕಿಲ್ಲ. ಮುಂದಕ್ಕೆ ಚಾಚಿದ ಮಹಡಿಯಲ್ಲೂ ಅಂತಸ್ತಿನ ಮಾತಿದೆ, ಆದರೆ ಮಳೆ ನೀರು ಕೆಳಗಿನ ಗೋಡೆಗೆ ತಾಗದೆ ಬೀಳುವ ಲಾಭವೂ ಇದೆ.

ಗೆದ್ದಲು ಅಲ್ಲಿ ಇಲ್ಲ ಅಂತಲೇ ಹೇಳಬಹುದು. ಓಕ್ ಕೊರೆಯುವ ಒಂದು ದುಂಬಿ ಇದೆ. ಅದು ನೆನೆದ ಮರಕ್ಕೇ ಜಾಸ್ತಿ ಬೀಳುವುದು. ಮಳೆಯಂತೂ ನಮಗೆ ನಗು ಬರುವಷ್ಟು. ಮಡಿಕೇರಿಯಲ್ಲಿ ವರ್ಷಕ್ಕೆ 120 ಇಂಚು ದಾಟುತ್ತದೆ. ಅಲ್ಲಿ 25 ಇಂಚಿನ ಆಸುಪಾಸು, ಅದೂ ವರ್ಷವೆಲ್ಲ ತುಂತುರು.

ಮಡಿಕೇರಿ ಮೇಷ್ಟ್ರು

ಸಾಮಿಲ್ ಅಣ್ಣ ಮರ ಹೇಳಿದರು, ನಾನು ಶೇಕ್ಸ್‌ಪಿಯರ್ ಹೇಳುತ್ತೇನೆ. ಟೀಚರ್, ಆ ಕಾಲದ ಶಾಲೆಯ ಹಾಜರಿ ಪುಸ್ತಕ ಒಂದೂ ಉಳಿದಿಲ್ಲ. ಹಾಗಾಗಿ ಕಾಗದದ ಸಾಕ್ಷಿ ಇಲ್ಲ. ಆದರೆ ಅಪ್ಪ ಜಾನ್ ಊರಿನ ಕಾರ್ಪೊರೇಷನ್ ಸದಸ್ಯ, ಮನೆ ಹೆನ್ಲಿ ಸ್ಟ್ರೀಟ್‌ನಲ್ಲಿ, ಶಾಲೆ ನಡೆದು ಹೋಗುವಷ್ಟು ಹತ್ತಿರ, ಫೀಸೂ ಇಲ್ಲ. ಮಗನನ್ನು ಬೇರೆಲ್ಲಿಗೆ ಕಳಿಸುತ್ತಾರೆ ಹೇಳಿ? ಅಲ್ಲಿ ಕಲಿಸುತ್ತಿದ್ದದ್ದು ಮುಖ್ಯವಾಗಿ ಲ್ಯಾಟಿನ್. ಅವನ ಒಂದು ನಾಟಕದಲ್ಲಿ ವಿಲಿಯಂ ಅನ್ನೋ ಹುಡುಗ ಮೇಷ್ಟ್ರ ಮುಂದೆ ಲ್ಯಾಟಿನ್ ಪಾಠ ಒಪ್ಪಿಸುತ್ತಾ ತಡವರಿಸುವ ದೃಶ್ಯ ಇದೆ. ಪಾಠ ಒಪ್ಪಿಸಿ ಬೈಸಿಕೊಂಡವನೇ ಬರೆದದ್ದು ಅಂತ ನನಗೆ ಅನುಮಾನವೇ ಇಲ್ಲ.

ಗಿಲ್ಡನ್ನು 1547ರಲ್ಲಿ ಸರ್ಕಾರ ಮುಚ್ಚಿಸಿತು. ಶಾಲೆಗೆ ಮತ್ತೆ ಜೀವ ಬಂದದ್ದು 1553ರ ಜೂನ್ 28ರಂದು, ಆರನೇ ಎಡ್ವರ್ಡ್ ರಾಜನ ಸನದಿನಿಂದ. ಆ ಹುಡುಗ ರಾಜ ಜುಲೈ 6ಕ್ಕೆ ತೀರಿಕೊಂಡ. ಹತ್ತು ದಿನ ತಡವಾಗಿದ್ದರೆ ಕಥೆ ಏನಾಗುತ್ತಿತ್ತೋ. ಸನದಿನ ಪ್ರಕಾರ ಮೇಷ್ಟ್ರಿಗೆ ವರ್ಷಕ್ಕೆ 20 ಪೌಂಡ್, ಇರಲು ಮನೆ. ಆ ಕಾಲಕ್ಕೆ ಒಳ್ಳೇ ಸಂಬಳ (ನಮ್ಮ ಕಾಲದಲ್ಲಿ ಯಾಕಿಲ್ಲ ಅಂತ ಕೇಳಬೇಡಿ). ಅದಾದ ಮೇಲೆ ಶಾಲೆ ಸಭೆಯ ಮನೆಯ ಮಹಡಿಗೆ ಬಂತು.

ಕೆಳಗಿನ ಹಾಲ್‌ನಲ್ಲಿ ಕಾರ್ಪೊರೇಷನ್ ಸಭೆ ನಡೆಯುತ್ತಿತ್ತು. 1569ರಲ್ಲಿ ಸಂಚಾರಿ ನಾಟಕ ತಂಡಗಳು ಅಲ್ಲೇ ಆಟ ಆಡಿದವು. ಆಗ ಊರಿನ ಬೇಲಿಫ್, ಅಂದರೆ ಮೇಯರ್ ಇದ್ದ ಹಾಗೆ, ಇದೇ ಜಾನ್. ಮಗನಿಗೆ ಐದು ವರ್ಷ. ನಾನಾಗಿದ್ದರೆ ಮಹಡಿಗಿಂತ ಕೆಳಗಿನ ಹಾಲ್‌ನಲ್ಲೇ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಪಕ್ಕದ ಗಿಲ್ಡ್ ಚಾಪೆಲ್‌ಗೂ (ಆ ಸಂಘದ ಪುಟ್ಟ ಚರ್ಚ್) ಹೋಗಿ. ಗೋಡೆಯ ಮೇಲೆ ದೊಡ್ಡ ಚಿತ್ರಗಳಿದ್ದವು. ಇಂಗ್ಲೆಂಡ್ ಕ್ಯಾಥೊಲಿಕ್ ಪಂಥ ಬಿಟ್ಟು ಪ್ರಾಟೆಸ್ಟೆಂಟ್ ಆದಾಗ ಅವನ್ನೆಲ್ಲ ಅಳಿಸಲು ಕಾರ್ಪೊರೇಷನ್ ಕೊಟ್ಟ ಖರ್ಚು 2 ಶಿಲಿಂಗ್. ಲೆಕ್ಕ ಇಟ್ಟವನು ಮತ್ತೆ ಜಾನ್! ಬಳಿದವರು ಬರೀ ಸುಣ್ಣ ಬಳಿದರು. ಅದರಿಂದಲೇ ಕೆಳಗಿನ ಬಣ್ಣ ಉಳಿಯಿತು. 1804ರಲ್ಲಿ ರಿಪೇರಿ ಮಾಡುವಾಗ ಮತ್ತೆ ಬೆಳಕಿಗೆ ಬಂತು.

ಕುಶಾಲನಗರ ಹುಡುಗ

ಒಂದೇ ಒಂದು ಸೇರಿಸುತ್ತೇನೆ ಆಂಟಿ. ಅದು ಈಗಲೂ ನಡೆಯುತ್ತಿರುವ ಶಾಲೆ. ಬೆಳಿಗ್ಗೆ ಆ ಕಟ್ಟಡದಲ್ಲಿ ಹುಡುಗರಿಗೆ ಕ್ಲಾಸ್ ಇರುತ್ತದೆ, ನೋಡುವವರಿಗೆ ಆಮೇಲೆ ಬಿಡುತ್ತಾರೆ. 2016ರಲ್ಲಿ ರಿಪೇರಿ ಮುಗಿಸಿ ಜನರಿಗೆ ತೆರೆದರು. ಸಮಯ ನೋಡಿಕೊಂಡು ಹೋಗಲು ಮಗನಿಗೆ ಹೇಳಿ.

ವಿರಾಜಪೇಟೆ ಟೀಚರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಾಮಿಲ್ ಅಣ್ಣ, ಸುಣ್ಣದ ವಿಷಯ ಓದಿ ಇನ್ನೊಂದು ಕೇಳಬೇಕು ಅನಿಸಿತು. ತವರಿನಲ್ಲಿ ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಮಾಡಿಸೋಣ, ಕಂಬಗಳನ್ನು ತೆಗೆದು ಕಾಂಕ್ರೀಟ್ ಹಾಕೋಣ ಅಂತ ತಮ್ಮ ಹಟ ಹಿಡಿದಿದ್ದಾನೆ. ಅಲ್ಲಿನವರು ಏನು ಮಾಡುತ್ತಾರೆ?

ಸೋಮವಾರಪೇಟೆ ಸಾಮಿಲ್

ಬೇಡ ಅಕ್ಕ, ತಡೆಯಿರಿ. ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವ ಎಳೆದುಕೊಂಡು ಬಿಸಿಲಿಗೆ ಬಿಡುತ್ತದೆ. ಸುಣ್ಣ ಅದಕ್ಕೆ ದಾರಿ ಕೊಡುತ್ತದೆ. ಸಿಮೆಂಟ್ ಕೊಡುವುದಿಲ್ಲ. ನೀರು ಒಳಗೇ ನಿಂತು ಪಕ್ಕದ ಮರಕ್ಕೆ ಇಳಿಯುತ್ತದೆ. ಇಂಗ್ಲೆಂಡ್‌ನಲ್ಲೂ ಹಳೇ ಮರದ ಮನೆಗಳಿಗೆ ಸಿಮೆಂಟ್ ಬಳಿದು ಕೆಡಿಸಿ, ಈಗ ಕಿತ್ತು ಮತ್ತೆ ಸುಣ್ಣಕ್ಕೆ ಬರುತ್ತಿದ್ದಾರೆ.

ಹಾಗಂತ ಅವರು ಮಾಡಿದ್ದೆಲ್ಲ ಸರಿ ಅಂತಲೂ ಅಲ್ಲ. ಆ ಶಾಲೆಯ ಮುಂಭಾಗಕ್ಕೆ ಒಂದು ಕಾಲದಲ್ಲಿ ಪೂರ್ತಿ ಗಾರೆ ಮಾಡಿದ್ದರು, ಮರ ಕಾಣುತ್ತಲೇ ಇರಲಿಲ್ಲ. 19ನೇ ಶತಮಾನದ ಕೊನೆಯಲ್ಲಿ ಚಂದಕ್ಕೆ ಅಂತ ತೆಗೆಸಿದರು. ಆ ದೇಶದಲ್ಲಿ ಎಷ್ಟೋ ಕಡೆ ಅದೇ ಕಾಲದಲ್ಲಿ ಮರಕ್ಕೆ ಕಪ್ಪು ಬಳಿದರು. ಸುಮ್ನೆ ಬಿಟ್ಟರೆ ಓಕ್ ಬೂದು ಬಣ್ಣಕ್ಕೆ ತಿರುಗುತ್ತದೆ, ನನಗೆ ಅದೇ ಚೆಂದ.

ಕಂಬ ಪೂರ್ತಿ ತೆಗೆಯುವುದು ಬೇಡ. ಉಳಿಯ ತುದಿಯಿಂದ ಚುಚ್ಚಿ ನೋಡಿಸಿ. ಮೇಲಿನ ಚೇಗು (ಮರದ ಒಳತಿರುಳು) ಗಟ್ಟಿ ಇದ್ದರೆ ತೊಲೆಗೆ ಜಾಕ್ ಕೊಟ್ಟು, ಹಾಳಾದ ಬುಡವನ್ನಷ್ಟೇ ಓರೆಯಾಗಿ ಕತ್ತರಿಸಿ, ಒಣಗಿದ ಹಲಸಿನ ಚೇಗಿನ ತುಂಡು ಕೂರಿಸಿ ಗೂಟ ಹೊಡೆಯಬಹುದು. ಅಡಿಗೆ ಕಲ್ಲು ಕೊಟ್ಟು ನೆಲದಿಂದ ಎತ್ತರಿಸಬೇಕು. ಸ್ಟ್ರಾಟ್‌ಫರ್ಡ್‌ನ ಚೌಕಟ್ಟೂ ನೆಲಕ್ಕೆ ತಾಗಿಲ್ಲ, ಕಲ್ಲಿನ ಪಾಯದ ಮೇಲೆ ಕೂತಿದೆ. ಕೆಲಸ ಮಳೆ ಬಿಟ್ಟ ಮೇಲೆ ಮಾಡಿಸಿ. ತಮ್ಮನಿಗೆ ಕಂಬದ ಫೋಟೋ ತೆಗೆದು ಇಲ್ಲಿ ಹಾಕಲು ಹೇಳಿ, ಬುಡದ ಹತ್ತಿರದಿಂದ.