ರಕ್ತ ತೆಳುವಾಗಿಸುವ ಸೂಜಿ ಚುಚ್ಚಿದಲ್ಲಿ ಕೆಂಪು ಗಂಟು, ವಿಪರೀತ ತುರಿಕೆ: ನಿಲ್ಲಿಸಬೇಕೆ?

ಪ್ರಶ್ನೆ (ಜಮಖಂಡಿಯಿಂದ)

68 ವರ್ಷದ ನಮ್ಮ ತಾಯಿಯವರು ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೇಲ್ಭಾಗದ ಎಲುಬು ಮುರಿದುಕೊಂಡಿದ್ದರಿಂದ ಬೆಳಗಾವಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು ಎನಾಕ್ಸಪರಿನ್ 40 ಮಿಲಿಗ್ರಾಂ ಸೂಜಿಯನ್ನು ದಿನಕ್ಕೊಮ್ಮೆ ಹೊಟ್ಟೆಯ ಚರ್ಮದಡಿ ಕೊಡಲು ಬರೆದಿದ್ದಾರೆ. ಮನೆಗೆ ಬಂದ ಮೇಲೆ ನಾನೇ ಕೊಡುತ್ತಿದ್ದೇನೆ. ಮೊದಲ ವಾರ ನೇರಳೆ ಹಣ್ಣಿನ ಬಣ್ಣದ ಕಲೆಗಳಷ್ಟೇ ಇದ್ದವು. 9ನೇ ದಿನದಿಂದ ಚುಚ್ಚಿದಲ್ಲೆಲ್ಲ ನಾಣ್ಯಕ್ಕಿಂತ ದೊಡ್ಡದಾದ ಕೆಂಪು ಗಂಟುಗಳೆದ್ದಿದ್ದು, ಅವ್ವ ರಾತ್ರಿಯೆಲ್ಲ ಸೆರಗಿನಿಂದ ಉಜ್ಜಿಕೊಳ್ಳುತ್ತಾರೆ. ಉಷ್ಣವಾಗಿದೆ, ಕೊಬ್ಬರಿ ಎಣ್ಣೆ ಹಚ್ಚಿ ಎನ್ನುತ್ತಾರೆ ನೆರೆಯವರು. ಇನ್ನೂ 16 ಸೂಜಿಗಳಿವೆ. ನಿಲ್ಲಿಸಲೇ, ಅಥವಾ ಬೇರೆ ಕಂಪನಿಯದು ತರಲೇ?

ಉತ್ತರ 1 (ವಿಜಯಪುರ, ಶುಶ್ರೂಷಕಿ)

ತಂಗಿ, ನೀಲಿ ಕಲೆಗಳು ಬಹುತೇಕ ಎಲ್ಲರಿಗೂ ಆಗುತ್ತವೆ. ಹೊಕ್ಕುಳಿಂದ 5 ಸೆಂಟಿಮೀಟರ್ ದೂರದಲ್ಲಿ, ಒಂದು ದಿನ ಎಡಕ್ಕೆ ಮರುದಿನ ಬಲಕ್ಕೆ ಚುಚ್ಚಬೇಕು. ಚಿವುಟಿ ಹಿಡಿದ ಚರ್ಮವನ್ನು ಔಷಧಿ ಪೂರ್ತಿ ಹೋಗುವವರೆಗೂ ಬಿಡಬಾರದು, ಆಮೇಲೆ ಉಜ್ಜಲೂಬಾರದು. ಸಿರಿಂಜಿನೊಳಗಿನ ಗಾಳಿಗುಳ್ಳೆಯನ್ನು ಹೊರಹಾಕಬೇಡಿ, ಅದು ಬೇಕೆಂದೇ ಬಿಟ್ಟದ್ದು. ಆದರೆ ತುರಿಸುವ ಗಟ್ಟಿ ಗಂಟು ಕೈತಪ್ಪಿನಿಂದ ಆಗುವಂಥದ್ದಲ್ಲ, ಅದನ್ನು ವೈದ್ಯರು ನೋಡಲೇಬೇಕು. ಎಣ್ಣೆ ತಿಕ್ಕುವುದು ಬೇಡ.

ಉತ್ತರ 2 (ಬೆಳಗಾವಿ, ಚರ್ಮರೋಗ ವೈದ್ಯ)

ನೋಡದೆ ಖಚಿತವಾಗಿ ಹೇಳಲಾಗದು. ಆದರೂ ನೀವು ಬರೆದಿರುವುದು ಹೆಪಾರಿನ್ ಬಗೆಯ ಔಷಧಿಗಳಿಗೆ (ರಕ್ತ ಹೆಪ್ಪುಗಟ್ಟದಂತೆ ತಡೆಯುವಂಥವು, ಎನಾಕ್ಸಪರಿನ್ ಕೂಡ ಇದೇ ಬಗೆಯದು) ಚರ್ಮ ತಡವಾಗಿ ತೋರುವ ಅಲರ್ಜಿಯನ್ನು ಹೋಲುತ್ತದೆ; ಇದು ಹೆಂಗಸರಲ್ಲಿ, ಅದರಲ್ಲೂ ಬಹಳ ದಿನ ಸೂಜಿ ತೆಗೆದುಕೊಳ್ಳುವವರಲ್ಲಿ, ಹೆಚ್ಚಾಗಿ ಕಾಣುತ್ತದೆ. ಕಂಪನಿ ಬದಲಿಸಿದರೆ ಪ್ರಯೋಜನವಿಲ್ಲ, ಏಕೆಂದರೆ ಒಳಗಿರುವ ಔಷಧಿ ಅದೇ. ಹಂದಿಯ ಕರುಳಿನಿಂದ ತೆಗೆದ ಹೆಪಾರಿನಿನಿಂದಲೇ ತಯಾರಾಗುವ ಡಾಲ್ಟೆಪರಿನ್, ನಾಡ್ರೊಪರಿನ್‌ಗಳಿಗೂ ಅದೇ ಚರ್ಮ ಅನೇಕ ವೇಳೆ ಹಾಗೆಯೇ ಕೆರಳುತ್ತದೆ.

ಆದರೆ ಇದಕ್ಕಿಂತ ಮೊದಲು ತಳ್ಳಿಹಾಕಬೇಕಾದ ಇನ್ನೊಂದು ಸಂಗತಿಯಿದೆ. ಹೆಪಾರಿನ್ ಶುರುವಾದ 5ರಿಂದ 10 ದಿನಗಳಲ್ಲಿ ಕೆಲವರಿಗೆ ಪ್ಲೇಟ್‌ಲೆಟ್ ಕುಸಿದು, ರಕ್ತ ತೆಳುವಾಗುವ ಬದಲು ಎಲ್ಲೆಂದರಲ್ಲಿ ಹೆಪ್ಪುಗಟ್ಟತೊಡಗುತ್ತದೆ. ಆಗ ಚುಚ್ಚಿದ ಜಾಗದ ನಡುಭಾಗ ಕಪ್ಪಾಗಿ ಚರ್ಮ ಸಾಯಬಹುದು. ಆದ್ದರಿಂದ ರಕ್ತ ಪರೀಕ್ಷೆ ಇವತ್ತೇ ಆಗಲಿ, ಚೀಟಿಯಲ್ಲಿ ‘ನಾರ್ಮಲ್’ ಎಂದಿರುವುದನ್ನು ಮಾತ್ರ ನಂಬಬೇಡಿ: ಮೊದಲು 3.2 ಲಕ್ಷವಿದ್ದದ್ದು 1.6 ಲಕ್ಷಕ್ಕೆ ಇಳಿದಿದ್ದರೆ ಪ್ರಯೋಗಾಲಯದ ಲೆಕ್ಕಕ್ಕೆ ಅದು ಸರಿಯಾಗಿದ್ದರೂ ನಮ್ಮ ಲೆಕ್ಕಕ್ಕೆ ಅರ್ಧ ಕುಸಿದಂತೆ. ಕಪ್ಪು ಬಣ್ಣ, ನೀರುಗುಳ್ಳೆ, ಕಾಲು ಊತ ಅಥವಾ ಉಸಿರಾಟದ ತೊಂದರೆ ಕಂಡರೆ ಮುಂದಿನ ಸೂಜಿ ಕೊಡದೆ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ. ಇವು ಇಲ್ಲವೆಂದು ನೀವಾಗಿಯೇ ನಿಲ್ಲಿಸಿ ಸುಮ್ಮನಿರಲೂಬೇಡಿ, ಮುರಿದ ಎಲುಬಿನವರಿಗೆ ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಹೋಗುವ ಭಯ ನಿಜವಾದದ್ದು. ಮುಂದಿನ ಸೂಜಿಯ ಹೊತ್ತಿಗೆ ಮೊದಲೇ ಶಸ್ತ್ರಚಿಕಿತ್ಸೆ ಮಾಡಿದವರನ್ನು ಕೇಳಿ. ಬದಲಿಗೆ ಫಾಂಡಪರಿನಕ್ಸ್ ಕೊಡುವುದುಂಟು. ಅದು ಪೂರ್ತಿ ಕೃತಕವಾಗಿ ತಯಾರಾದದ್ದು, ಆದರೆ ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತ ಪರೀಕ್ಷೆ) ನೋಡದೆ ಕೊಡುವಂತಿಲ್ಲ.

ಪ್ರಶ್ನೆ ಕೇಳಿದವರು, 5 ದಿನಗಳ ನಂತರ

ಅಂದೇ ಹೋಗಿದ್ದೆವು. ಶಸ್ತ್ರಚಿಕಿತ್ಸೆಯ ಮೊದಲು 2.4 ಲಕ್ಷವಿದ್ದ ಪ್ಲೇಟ್‌ಲೆಟ್ ಈಗ 2.2 ಲಕ್ಷವಿದೆ. ಕ್ರಿಯಾಟಿನಿನ್ ನೋಡಿ ಫಾಂಡಪರಿನಕ್ಸ್‌ಗೆ ಬದಲಿಸಿದರು, ಗಂಟುಗಳಿಗೆ ಸ್ಟೀರಾಯ್ಡ್ ಮುಲಾಮು ಕೊಟ್ಟರು. ಕೆಂಪು ಈಗ ಕಂದು ಬಣ್ಣಕ್ಕೆ ತಿರುಗಿದೆ, ನಿನ್ನೆ ರಾತ್ರಿ ಅವ್ವ ನಿದ್ದೆ ಮಾಡಿದರು. ಹೆಪಾರಿನ್ ಅಲರ್ಜಿ ಎಂದು ಡಿಸ್ಚಾರ್ಜ್ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆಸಿಕೊಂಡಿದ್ದೇನೆ. ಉಳಿದ 16 ಸೂಜಿಗಳನ್ನು ಔಷಧಿ ಅಂಗಡಿಯವರು ಹಿಂತಿರುಗಿ ಪಡೆಯಲಿಲ್ಲ.