ಹಳೆ ದಫ್ತರದಾಗ ಹಿರಿಯರ ಹೆಸರು ಹುಡುಕೂದು ಹೆಂಗ? – ಪ್ರಶ್ನೋತ್ತರ

(ಭೂದಾಖಲೆ ಇಲಾಖೆಯೊಳಗ ದುಡಿದು ನಿವೃತ್ತರಾದ, ಹಳೆ ಮರಾಠಿ ಕಾಗದಗಳ ಮೋಡಿ ಲಿಪಿ ಓದಬಲ್ಲ ನಮ್ಮ ಗುಂಪಿನ ಹಿರಿಯರು ಈ ವಾರ ಉತ್ತರ ಕೊಡತಾರ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಪ್ರಶ್ನೆಗಳಿಗೆ ಮೊದಲ ಆದ್ಯತೆ.)

ಪ್ರಶ್ನೆ (ಹಳೇ ಹುಬ್ಬಳ್ಳಿ): ಸರ್, ನಮಸ್ಕಾರ. ನಮ್ಮ ಮೂಲ ಊರು ನವಲಗುಂದ ತಾಲೂಕಿನಾಗ ಅದ. ಅಪ್ಪ ತೀರಿಕೊಂಡ ಮ್ಯಾಲೆ ಟ್ರಂಕಿನಾಗ ಒಂದು ಹಳೆ ಉತಾರ (ಹೊಲದ ದಾಖಲೆಯ ನಕಲು) ಸಿಕ್ತು. ಅಪ್ಪನ ಅಜ್ಜನ ತನಕ ಗಂಡಸರ ಹೆಸರು ಗೊತ್ತದಾವ. ಆದ್ರ ಆ ಅಜ್ಜನ ಅವ್ವನ ಹೆಸರು ಮನ್ಯಾಗ ಯಾರಿಗೂ ಗೊತ್ತಿಲ್ಲ. ದೊಡ್ಡ ಜಡ್ಡು ಬಂದಾಗ ಗಂಡ ಸತ್ತ, ಆಕಿ ಒಬ್ಬಾಕಿನ ಹೊಲಾ ಹಿಡಕೊಂಡು ಮೂರು ಮಕ್ಕಳನ್ನ ಬೆಳೆಸಿದಳು ಅಂತ ಅಷ್ಟ ಹೇಳತಾರ. ಆಕಿ ಹೆಸರು ಎಲ್ಲೆರ ಸಿಗಬಹುದೇನ್ರಿ?

ಉತ್ತರ: ಸಿಗಬಹುದು ಅಕ್ಕಾರ. ಗಂಡ ಬದುಕಿದ್ದಿದ್ದರೆ ನಿಮ್ಮ ಅಜ್ಜಿಯ ಹೆಸರು ಸರಕಾರಿ ಕಾಗದಕ್ಕೆ ಬರುತ್ತಲೇ ಇರಲಿಲ್ಲವೇನೋ. ಗಂಡ ಸತ್ತು ಮಕ್ಕಳು ಸಣ್ಣವರಿದ್ದರು ಎಂಬ ಕಾರಣಕ್ಕೇ ಆಕೆಯ ಹೆಸರು ಬರೆಯಲೇಬೇಕಾಗಿ ಬಂದಿರುತ್ತದೆ.

ದೊಡ್ಡ ಜಡ್ಡು ಅಂದರೆ 1918ರ ಇನ್‌ಫ್ಲುಯೆಂಜಾ ಇರಬೇಕು. ಹುಬ್ಬಳ್ಳಿ ಕಡೆ 1898ರಲ್ಲಿ ಪ್ಲೇಗೂ ಬಹಳ ಜನರನ್ನು ಒಯ್ದಿತ್ತು, ಆದರೆ ನಿಮ್ಮ ತಲೆಮಾರಿನ ಲೆಕ್ಕಕ್ಕೆ 1918 ಹೊಂದುತ್ತದೆ. ಇದು ನಿಮಗೆ ಅನುಕೂಲದ ಕಾಲ. ನಮ್ಮ ಭಾಗ ಆಗ ಮುಂಬಯಿ ಇಲಾಖೆಯಲ್ಲಿತ್ತು. 1903ರಲ್ಲಿ ಅಲ್ಲಿ ಜಮೀನಿನ ಹಕ್ಕಿನ ದಾಖಲೆಯ ಕಾಯ್ದೆ ಬಂತು, 1913ರಲ್ಲಿ ಅದು ಕಂದಾಯ ಕಾಯ್ದೆಯೊಳಗೇ ಸೇರಿತು. ಅಲ್ಲಿಂದೀಚೆಗೆ ಹೊಲದ ಒಡೆಯ ಸತ್ತರೆ ಯಾರ ಹೆಸರು ಹಚ್ಚಬೇಕು ಅನ್ನುವುದನ್ನು ಊರಿನ ಮ್ಯುಟೇಷನ್ ರಜಿಸ್ಟರಿನಲ್ಲಿ ಬರೆಯತೊಡಗಿದರು. ಅದನ್ನೇ ನಾವು ವಾರಸಾ ನೋಂದು ಅನ್ನುವುದು. ಅದಕ್ಕೂ ಹಿಂದಿನ ಕುಲಕರ್ಣಿ (ಊರ ಲೆಕ್ಕಿಗ) ಲೆಕ್ಕದಲ್ಲಿ ತೀರ್ವೆ (ಭೂಕಂದಾಯ) ಕಟ್ಟುವವನ ಹೆಸರು ಇರುತ್ತದೆ, ಅವನ ಮನೆತನ ಇರುವುದಿಲ್ಲ.

ನಿಮ್ಮ ಕೈಯಲ್ಲಿರುವ ಉತಾರದ ಸರ್ವೆ ನಂಬರು ಬರೆದಿಟ್ಟುಕೊಳ್ಳಿ. ಇವತ್ತಿನ ಪಹಣಿಯಲ್ಲಿ ಅದು 45/2ಬ ಅಂತೇನಾದರೂ ಆಗಿರಬಹುದು, ನಮಗೆ ಬೇಕಾದ್ದು ಮುಂದಿನ 45. ಪಹಣಿಯಲ್ಲಿ ಕೊನೆಯ ಮ್ಯುಟೇಷನ್ ನಂಬರು ಇರುತ್ತದೆ. ಅದನ್ನು ತೆಗೆಸಿದರೆ ಅದರ ಹಿಂದಿನ ನಂಬರು ಸಿಗುತ್ತದೆ, ಅದು ಇನ್ನೊಂದಕ್ಕೆ ಒಯ್ಯುತ್ತದೆ. ಭೂಮಿ ಕಂಪ್ಯೂಟರಿನ ಹಿಂದೆ ಕೈಬರಹದ ಪಹಣಿ, ಅದರ ಹಿಂದೆ ಮುಂಬಯಿ ಕಾಲದ ಏಳು-ಹನ್ನೆರಡು ಉತಾರ, ಅದರ ಹಿಂದೆ ನಿಮಗೆ ಬೇಕಾದ ರಜಿಸ್ಟರು. ತಹಶೀಲ್ದಾರ್ ಕಚೇರಿಯ ಅಭಿಲೇಖಾಲಯದಲ್ಲಿ ಊರಿನ ಹೆಸರು, ಸರ್ವೆ ನಂಬರು, ಅಂದಾಜು ವರ್ಷ ಬರೆದು ನಕಲಿಗೆ ಅರ್ಜಿ ಕೊಡಿ. ‘ನಮ್ಮ ವಂಶದ ದಾಖಲೆ ಬೇಕು’ ಅಂತ ಬರೆದರೆ ಒಳಗಿದ್ದವರು ಯಾವ ಕಪಾಟು ತೆಗೆಯಬೇಕು ಹೇಳಿ. ‘ಈ ಊರಿನ 1918ರಿಂದ 1921ರ ಮ್ಯುಟೇಷನ್ ರಜಿಸ್ಟರ್, ಸರ್ವೆ ನಂಬರ್ ಇಂಥದ್ದು’ ಅಂತ ಬರೆದರೆ ಕೆಂಪು ಬಟ್ಟೆಯ ಗಂಟು ಬಿಚ್ಚಲು ಅವರಿಗೂ ದಾರಿ.

ಪುಟ ಸಿಕ್ಕಾಗ ಹುಡುಗರ ಹೆಸರಿನ ಮುಂದೆ ‘ಅ.ಪಾ.ಕ.’ ಅನ್ನುವ ಮೂರಕ್ಷರ ಹುಡುಕಿ. ಅಜ್ಞಾನ ಪಾಲನಕರ್ತ ಅಂತ ಅದರ ಅರ್ಥ. ‘ಅಜ್ಞಾನ’ ಅಂದರೆ ಇಲ್ಲಿ ವಯಸ್ಸಿಗೆ ಬಾರದ ಮಗು. ಅದರ ಮುಂದೆ ಬರುವ ಹೆಸರೇ ನೀವು ಕೇಳಿದ ಹೆಸರು. ‘ಇಂಥಾಕೆ ಕೋಂ ಇಂಥಾತ’ ಅಂತ ಇದ್ದರೆ ಕೋಂ ಅಂದರೆ ಹೆಂಡತಿ. ‘ಬಿನ್’ ಅಂದರೆ ಮಗ. ‘ಏ.ಕು.ಮ್ಯಾ.’ ಅಂತ ಇದ್ದರೆ ಏಕತ್ರ ಕುಟುಂಬದ ಮ್ಯಾನೇಜರ್. ಹಾಗಿದ್ದಲ್ಲಿ ಆ ಒಂದು ಹೆಸರಿನ ಹಿಂದೆ ಅಣ್ಣತಮ್ಮಂದಿರ ದೊಡ್ಡ ಮನೆಯೇ ಇರುತ್ತದೆ ಅಂತ ತಿಳಿಯಿರಿ.

ಗುಂಪಿನ ಇನ್ನೊಬ್ಬರು (ಧಾರವಾಡ): ಅಷ್ಟೆಲ್ಲಾ ಯಾಕ್ರಿ, ಅಡ್ಡಹೆಸರು ಹಿಡಕೊಂಡು ಹುಡುಕಿದ್ರ ಲಗೂನ ಸಿಗತದಲ್ಲ?

ಉತ್ತರ: ಇಲ್ಲ ಸರ್, ಅಡ್ಡಹೆಸರಿನಿಂದ ಶುರು ಮಾಡುವುದು ಬ್ಯಾಡ. ನಮ್ಮ ಕಡೆ ಅಡ್ಡಹೆಸರು ಒಂದೇ ಕಡೆ ನಿಂತದ್ದಲ್ಲ. ಅಣ್ಣಿಗೇರಿಯಿಂದ ಬಂದು ಹುಬ್ಬಳ್ಳಿಯಲ್ಲಿ ನೆಲೆಸಿದವರು ಅಣ್ಣಿಗೇರಿ ಆಗುತ್ತಾರೆ. ಅಣ್ಣಿಗೇರಿಯಲ್ಲೇ ಉಳಿದ ಅವರ ತಮ್ಮನಿಗೆ ಆ ಹೆಸರು ಯಾಕೆ ಬೇಕು? ಅವರು ಹೊಸಮನಿಯೋ ಮೇಟಿಯೋ ಆಗಿರುತ್ತಾರೆ. ಬೆಲ್ಲದ ವ್ಯಾಪಾರ ಮಾಡಿದವರು ಬೆಲ್ಲದ, ಅಂಗಡಿ ಇಟ್ಟವರು ಅಂಗಡಿ. ಊರು ಬಿಟ್ಟ ಮನೆತನಕ್ಕೆ ಅಡ್ಡಹೆಸರು ಊರನ್ನು ತೋರಿಸುತ್ತದೆ. ಅಷ್ಟಕ್ಕೆ ಅದನ್ನು ಬಳಸಿ, ರಕ್ತಸಂಬಂಧಕ್ಕೆ ಸಾಕ್ಷಿ ಮಾಡಬೇಡಿ.

ಇನ್ನೂ ದೊಡ್ಡ ಮೋಸ ಹೆಸರಿನಲ್ಲೇ ಇದೆ. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮ ಪದ್ಧತಿ. ಹಾಗಾಗಿ ಒಂದೇ ಹೊಲದ ಮೇಲೆ ಬಸಪ್ಪ ಬಿನ್ ಈರಪ್ಪ, ಈರಪ್ಪ ಬಿನ್ ಬಸಪ್ಪ, ಮತ್ತೆ ಬಸಪ್ಪ ಬಿನ್ ಈರಪ್ಪ ಬರುತ್ತಾರೆ. ಒಂದು ಮನೆತನದ ಕೆಲಸದಲ್ಲಿ ನಾನು ಇಬ್ಬರು ಬಸಪ್ಪಂದಿರನ್ನು ಒಬ್ಬನೇ ಅಂತ ತಿಳಿದು ನಡುವಿನ ಎರಡು ತಲೆಮಾರು ಕಳೆದುಬಿಟ್ಟಿದ್ದೆ. ಆ ಮನೆಯ ಹಿರಿಯರು ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಮೇಲೆ ತಪ್ಪು ಗೊತ್ತಾಯಿತು. ಹೋಗಿ ಹೇಳಿ ತಿದ್ದಿಸಿದೆ. ಅವತ್ತಿನಿಂದ ಪ್ರತಿ ಹೆಸರಿನ ಪಕ್ಕ ಇಸವಿಯನ್ನೂ ಸರ್ವೆ ನಂಬರನ್ನೂ ಬರೆಯದೆ ಮುಂದಿನ ಹೆಸರಿಗೆ ಹೋಗುವುದಿಲ್ಲ.

ಪ್ರಶ್ನೆ (ಗದಗ-ಬೆಟಗೇರಿ): ಅಣ್ಣಾರ, ನಮಗ ಹೊಲ ಇಲ್ಲ, ನೇಕಾರರು ನಾವು. ಮಗ್ಗ ಒಂದ ನಮ್ಮ ಆಸ್ತಿ. ನಮ್ಮಂಥವರಿಗೆ ದಾಖಲೆ ಎಲ್ಲಿ ಇರತಾವ?

ಉತ್ತರ: ಹೊಲ ಇಲ್ಲದವರ ಕೆಲಸ ಕಠಿಣ, ಆದರೆ ಬಾಗಿಲು ಮುಚ್ಚಿಲ್ಲ. ಮೊದಲು ಮನೆ. ಪೇಟೆಯ ಮನೆಯಾದರೆ ಸಿ.ಟಿ.ಎಸ್. (ಸಿಟಿ ಸರ್ವೆ) ನಂಬರು ಇರುತ್ತದೆ, ಸಿಟಿ ಸರ್ವೆ ಕಚೇರಿಯಲ್ಲಿ ಅದರ ಹಳೆ ಉತಾರ ತೆಗೆಸಿ. ಮನೆ ಕೊಂಡದ್ದೋ ಗಹಾಣ (ಒತ್ತೆ) ಇಟ್ಟದ್ದೋ ಇದ್ದರೆ ಉಪನೋಂದಣಿ ಕಚೇರಿಯಲ್ಲಿ ಹೆಸರಿನ ಸೂಚಿ ಬೇರೆ, ಆಸ್ತಿಯ ಸೂಚಿ ಬೇರೆ ಇರುತ್ತವೆ. ಸ್ಥಿರಾಸ್ತಿಯ ಒಂದನೇ ಪುಸ್ತಕವನ್ನೂ ಅದರ ಸೂಚಿಗಳನ್ನೂ ಫೀ ಕಟ್ಟಿ ಯಾರು ಬೇಕಾದರೂ ನೋಡಬಹುದು. ಹಳೆ ಗಹಾಣ ಪತ್ರದಲ್ಲಿ ಚಕ್ಕುಬಂದಿ ಓದಿ: ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾರ ಮನೆ. ಆ ನೆರೆಯವರಲ್ಲಿ ಒಬ್ಬರು ನಿಮ್ಮ ಅಜ್ಜನ ಅಣ್ಣತಮ್ಮ ಆಗಿರುವುದು ಬಹಳ ಸಲ ಕಂಡಿದ್ದೇನೆ.

ಎರಡನೆಯದು ಶಾಲೆ. ಅಜ್ಜ ಓದಿದ ಕನ್ನಡ ಶಾಲೆಯ ಜನರಲ್ ರಜಿಸ್ಟರಿನಲ್ಲಿ ತಂದೆ, ಜಾತಿ, ಹುಟ್ಟಿದ ಊರು, ಹಿಂದಿನ ಶಾಲೆ ಎಲ್ಲ ಇರುತ್ತವೆ. ಜನ್ಮತಾರೀಖನ್ನು ಮಾತ್ರ ನಂಬಬೇಡಿ. ಜೂನ್ 1 ಅಂತ ಕಂಡರೆ ಅದು ಮಾಸ್ತರರ ಅಂದಾಜು.

ಮೂರನೆಯದು ಸಹಕಾರಿ ಸಂಘ. ನಿಮ್ಮ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲೇ ಸಂಘ ಹುಟ್ಟಿತು. ನೇಕಾರರ ಸಂಘಗಳ ಹಳೆ ಷೇರು ಪುಸ್ತಕದಲ್ಲಿ ಸದಸ್ಯ ಸತ್ತ ಮೇಲೆ ಷೇರು ಯಾರಿಗೆ ಹೋಯಿತು ಅಂತ ಬರೆದಿರುತ್ತಾರೆ, ಅದೂ ಒಂದು ವಾರಸಾ. ಕ್ರಿಶ್ಚಿಯನ್ ಮನೆತನ ಆಗಿದ್ದರೆ ಚರ್ಚಿನ ಪುಸ್ತಕ ನೋಡಿ. ಬಾಸೆಲ್ ಮಿಷನ್ ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ ಬಂತು. ಚರ್ಚಿನ ದೀಕ್ಷಾಸ್ನಾನ, ಮದುವೆ, ಸಮಾಧಿ ಪುಸ್ತಕಗಳಲ್ಲಿ ಹೆಂಗಸರ ಹೆಸರೂ ಸರಿಯಾಗಿ ಇರುತ್ತವೆ.

ಇನ್ನೊಂದು ಮಾತು, ನಿಮಗಲ್ಲದಿದ್ದರೂ ಓದುವವರಿಗೆ. ‘ನಾವು ದಲಿತರು, ನಮ್ಮದೇನು ದಾಖಲೆ’ ಅಂತ ಎಷ್ಟೋ ಜನ ಬರುವುದೇ ಇಲ್ಲ. ಬರಬೇಕು. ತಳವಾರಿಕೆ, ವಾಲೀಕಾರಿಕೆ, ಶೇತ್‌ಸನದಿ ಅನ್ನುವ ಊರ ಚಾಕರಿಗಳಿಗೆ ವತನದ (ಚಾಕರಿಗೆ ಪ್ರತಿಯಾಗಿ ಕೊಟ್ಟ) ಜಮೀನು ಇತ್ತು. ಯಾರ ನಂತರ ಯಾರು ಚಾಕರಿ ಮಾಡಬೇಕು ಅನ್ನುವುದನ್ನು ಸರಕಾರ ಕಟ್ಟುನಿಟ್ಟಾಗಿ ಬರೆಸುತ್ತಿತ್ತು. 1961ರ ಗ್ರಾಮ ಹುದ್ದೆ ರದ್ದಿಯಾತಿ ಕಾಯ್ದೆಯ ನಂತರ ಆ ಜಮೀನು ಮರಳಿ ಕೊಟ್ಟ ಕಡತಗಳಲ್ಲೂ ವಂಶಾವಳಿ ಇರುತ್ತದೆ. ಆ ಮನೆತನಗಳ ಎಳೆ ಕೆಲವು ಸಲ ಗೌಡರ ಮನೆಯದಕ್ಕಿಂತ ಸ್ಪಷ್ಟ ಇರುತ್ತದೆ.

ಪ್ರಶ್ನೆ (ಶಿರಹಟ್ಟಿ): ಧಾರವಾಡದಾಗ ಕೇಳಿದ್ರ ನಿಮ್ಮ ಊರಿನ ಹಳೆ ಕಡತ ಇಲ್ಲ ಅಂತಾರ್ರಿ. ಕಳದಾವೇನು?

ಉತ್ತರ: ಕಳೆದಿರಲಿಕ್ಕಿಲ್ಲ. ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿತ್ತು, ಕುಂದಗೋಳ ಜಮಖಂಡಿಯಲ್ಲಿ, ಲಕ್ಷ್ಮೇಶ್ವರ ಮಿರಜಿನಲ್ಲಿ. ಸವಣೂರು ನವಾಬರದೇ ಸಂಸ್ಥಾನ. 1948ರ ವಿಲೀನದ ತನಕ ಇವುಗಳ ದಫ್ತರ ಬ್ರಿಟಿಷ್ ಧಾರವಾಡ ಜಿಲ್ಲೆಯ ಸಾಲಿನಲ್ಲಿ ಬರುವುದಿಲ್ಲ. ಗದಗ, ಹಾವೇರಿ ಬೇರೆ ಜಿಲ್ಲೆ ಆದದ್ದಂತೂ ಮೊನ್ನೆ, 1997ರಲ್ಲಿ. ಆದ್ದರಿಂದ ಊರು ಯಾವ ವರ್ಷ ಯಾರ ಕೈಯಲ್ಲಿತ್ತು ಅಂತ ಮೊದಲು ಬರೆದುಕೊಳ್ಳಿ, ಕಚೇರಿ ಆಮೇಲೆ. ಧಾರವಾಡದಲ್ಲಿ ರಾಜ್ಯ ಪತ್ರಾಗಾರದ ವಿಭಾಗೀಯ ಕಚೇರಿ ಇದೆ, ಅಲ್ಲಿ ಕೇಳಿ. ಪೇಶ್ವೆ ಕಾಲದ ಕಾಗದ ಪುಣೆಯ ಪತ್ರಾಗಾರದಲ್ಲಿದೆ. ಇನಾಮು (ಸರಕಾರ ಮಾಫಿಯಾಗಿ ಬಿಟ್ಟ ಜಮೀನು) ಇದ್ದ ಮನೆತನವಾದರೆ ಇನಾಮ ಕಮಿಷನ್ ಕಾಗದ ಬಿಡಬೇಡಿ. 1852ರ ಕಾಯ್ದೆಯಂತೆ ಇನಾಮದಾರರು ಸನದಿನ (ಹಕ್ಕು ಕೊಟ್ಟ ಪತ್ರದ) ಜೊತೆ ವಂಶಾವಳಿಯನ್ನೂ ಒಪ್ಪಿಸಬೇಕಾಗಿತ್ತು.

ಆ ಕಾಗದ ಮೋಡಿಯಲ್ಲಿರುತ್ತದೆ, ಮರಾಠಿ ಭಾಷೆ. ಮೋಡಿಯಲ್ಲಿ ಇ-ಈ, ಉ-ಊ ಹ್ರಸ್ವ ದೀರ್ಘದ ಭೇದ ಇಲ್ಲ. ನಮ್ಮ ಬಸಪ್ಪ ಅಲ್ಲಿ ‘ಬಸಾಪಾ’ ಆಗಿರುತ್ತಾನೆ, ಈರಪ್ಪ ‘ಇರಾಪಾ’. ಗಾಬರಿಯಾಗಬೇಡಿ, ಅವರೇ. ಇಸವಿ ತಿಳಿಯಲು ಶಕೆ ವರ್ಷ ಕಂಡರೆ 78 ಕೂಡಿಸಿ, ಫಸಲಿ (ಕಂದಾಯದ ವರ್ಷ) ಕಂಡರೆ 590. ಸಂವತ್ಸರದ ಹೆಸರು ಮನೆಯ ಹಿರಿಯರ ಬಾಯಲ್ಲೂ ಇರುತ್ತದೆ: ‘ಧಾತು ಈಶ್ವರ ಬರದಾಗ ಊರು ಬಿಟ್ಟರು’ ಅಂದರೆ 1876ರಿಂದ 78. ಅದು ಕಥೆ ಅಂತ ತಳ್ಳಿಹಾಕುವ ಮಾತಲ್ಲ, ತಾರೀಖು.

ಪ್ರಶ್ನೆ (ಹಾವೇರಿ): ನಮ್ಮ ಮನಿಗೆ ವಂಶಾವಳಿ ಹೇಳೋ ಹೆಳವರು ಬರತಾರ. ಅವರು ಹೇಳೂದನ್ನ ನಂಬಬಹುದೇನ್ರಿ?

ಉತ್ತರ: ನನ್ನ ಮಟ್ಟಿಗೆ ಹೆಳವರ ಪುಸ್ತಕ ನಮ್ಮ ಭಾಗದ ದೊಡ್ಡ ದಾಖಲೆ. ಕಚೇರಿಯ ಕಾಗದ ಹೊಲದ ಎಳೆ ಹಿಡಿಯುತ್ತದೆ, ಹೊಲ ಮಾರಿದ ದಿನ ಅದು ಕಡಿಯುತ್ತದೆ. ಹೆಳವರು ಹಿಡಿಯುವುದು ಮನುಷ್ಯರ ಎಳೆ. ಊರು ಬಿಟ್ಟವರು, ದತ್ತಕ ಹೋದವರು, ಬೇರೆ ಊರಿಗೆ ಹೋಗಿ ನೆಲೆಸಿದ ಅಣ್ಣತಮ್ಮಂದಿರು ಅಲ್ಲಿ ಇರುತ್ತಾರೆ. ಬಂದಾಗ ಕಾಳು ಕೊಟ್ಟು ಕಳಿಸಿಬಿಡಬೇಡಿ. ಕೂಡಿಸಿ, ಚಹಾ ಕೊಡಿ, ಅವರ ಒಪ್ಪಿಗೆ ಕೇಳಿ ಹೇಳುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಅವರ ದಕ್ಷಿಣೆಯಲ್ಲಿ ಚೌಕಾಸಿ ಬೇಡ, ಅದು ಅವರ ದುಡಿಮೆ. ಆಮೇಲೆ ಅವರು ಹೇಳಿದ ಈಚಿನ ನಾಲ್ಕು ಹೆಸರನ್ನು ಮ್ಯುಟೇಷನ್ ಜೊತೆ ತಾಳೆ ನೋಡಿ. ಆ ನಾಲ್ಕು ಕೂಡಿದರೆ ಅದಕ್ಕೂ ಹಿಂದಿನದನ್ನು ‘ಹೆಳವರು ಹೇಳಿದ್ದು’ ಅಂತ ಗುರುತು ಹಾಕಿ ಬರೆದುಕೊಳ್ಳಬಹುದು.

ಪ್ರಶ್ನೆ (ಲಕ್ಕುಂಡಿ ಹತ್ತಿರದ ಊರು): ನಮ್ಮೂರ ಶಾಸನದಾಗ ನಮ್ಮ ಮನೆತನದ ಹೆಸರು ಅದ ಅಂತಾರ.

ಉತ್ತರ: ಶಾಸನ ಓದಿಸಿ, ಕಲ್ಲು ಕಾಯಿರಿ, ಸುಣ್ಣ ಬಳಿಯಲು ಬಿಡಬೇಡಿ. ಆದರೆ ಸಾವಿರ ವರ್ಷದ ಹಿಂದಿನ ಗಾವುಂಡನಿಂದ (ಊರ ಮುಖ್ಯಸ್ಥನಿಂದ) ಇವತ್ತಿನ ಗೌಡರ ಮನೆಗೆ ಗೆರೆ ಎಳೆಯಲು ನಡುವಿನ ಕಾಗದ ಇಲ್ಲ. ನಾನು ಎಳೆಯುವುದಿಲ್ಲ.

ಮೊದಲ ಪ್ರಶ್ನೆಯ ಅಕ್ಕ, ಎರಡು ತಿಂಗಳ ನಂತರ: ಸರ್, ಸಿಕ್ತು! 1919ರ ಪುಟ. ನಡುವ ಹುಳ ತಿಂದದ, ಆದ್ರ ಸಾಲು ಉಳದದ. ಮೂರು ಹುಡುಗರ ಹೆಸರು, ಆಮ್ಯಾಲೆ ‘ಅ.ಪಾ.ಕ. ತಾಯಿ ನೀಲವ್ವ’. ಕೆಳಗ ನೀಲಿ ಮಸಿ ಹೆಬ್ಬೆಟ್ಟು, ಸುತ್ತ ಕುಲಕರ್ಣಿ ಅಕ್ಷರದಾಗ ‘ನೀಲವ್ವನ ನಿಶಾನಿ’ ಅಂತ ಬರದದ. ಬೆರಳಿನ ಗೆರಿ ಸುದ್ದಾ ಕಾಣತಾವ. ಫೋಟೋ ತಗೊಂಡು ಬಂದು ನಮ್ಮ ಅತ್ತಿಗೆ ತೋರಿಸಿದೆ, ಅವರು ಭಾಳ ಹೊತ್ತು ಮಾತಾಡಲಿಲ್ಲ. ಈಗ ಆಕಿ ತವರು ಯಾವ ಊರು ಅಂತ ತಿಳಕೋಬೇಕಾಗೇದ. ದಾರಿ ಅದ ಏನ್ರಿ?

ಉತ್ತರ: ಓದಿ ಕಣ್ಣು ತುಂಬಿ ಬಂತು ಅಕ್ಕಾರ. ಆ ಪುಟದ ದೃಢೀಕೃತ ನಕಲು ತೆಗೆಸಿಕೊಳ್ಳಿ, ಫೋಟೋ ಒಂದನ್ನೇ ನೆಚ್ಚಬೇಡಿ.

ತವರಿಗೆ ದಾರಿ ಇದೆ. ನಮ್ಮಲ್ಲಿ ಚೊಚ್ಚಲ ಬಾಣಂತನ ತವರಿನಲ್ಲಿ. ಹಾಗಾಗಿ ಹಿರಿಮಗನ ಜನನ ಗಂಡನ ಊರಿನ ಪುಸ್ತಕದಲ್ಲಿ ಸಿಗದಿದ್ದರೆ ಅದು ನೀಲವ್ವನ ತವರೂರಿನ ಜನನ ರಜಿಸ್ಟರಿನಲ್ಲಿರಬಹುದು. ಮೂವರಲ್ಲಿ ಹಿರಿಯರು ಯಾರು ನೋಡಿ, ಅವರು ಶಾಲೆಗೆ ಹೋಗಿದ್ದರೆ ಜನರಲ್ ರಜಿಸ್ಟರಿನಲ್ಲಿ ‘ಹುಟ್ಟಿದ ಊರು’ ಅನ್ನುವ ಕಾಲಂ ಓದಿ. ಅಲ್ಲಿ ನಿಮ್ಮ ಊರಿನ ಹೆಸರು ಬಿಟ್ಟು ಬೇರೆ ಊರು ಬರೆದಿದ್ದರೆ ಆ ಊರಿಗೆ ಹೋಗಿ ಜನನ ಪುಸ್ತಕ ಕೇಳಿ. ಮಗುವಿನ ಹೆಸರು ಹುಡುಕಬೇಡಿ, ತೊಟ್ಟಿಲಿಗೆ ಹಾಕುವ ಮೊದಲೇ ಬರೆಸಿದ್ದರೆ ಆ ಜಾಗದಲ್ಲಿ ‘ಗಂಡು’ ಅಂತ ಅಷ್ಟೇ ಇರುತ್ತದೆ. ತಂದೆಯ ಹೆಸರಿನಿಂದ ಹುಡುಕಿ.