ಎರೆಮಣ್ಣಿನ ನಿವೇಶನ: ಪಾಯದಿಂದ ತೆಗೆದ ಮಣ್ಣನ್ನೇ ಮನೆಯ ನೆಲದಡಿ ತುಂಬಬಹುದೇ?

ಪ್ರಶ್ನೆ (ನವಲಗುಂದ)
ಎರೆಮಣ್ಣಿನ (ಕಪ್ಪು ಜೇಡಿಮಣ್ಣಿನ) ನಿವೇಶನದಲ್ಲಿ ನಮ್ಮ ಮನೆಯ ಕೆಲಸ ಬುಡದಲ್ಲಿ ಕಂಬಗಳನ್ನು ಜೋಡಿಸುವ ಪ್ಲಿಂತ್ ಬೀಮ್‌ವರೆಗೆ ಬಂದಿದೆ. ಕಂಬಗಳ ಪಾಯವನ್ನು ಎರೆ ದಾಟಿ ಗಟ್ಟಿ ಗರಸಿನ (ಕಲ್ಲುಚೂರು ಬೆರೆತ ಗಡಸು ಮಣ್ಣಿನ) ಮೇಲೆ ಕೂರಿಸಿದ್ದೇವೆ. ಈಗ ಒಳಗೆ ಮೂರು ಅಡಿ ಭರ್ತಿ ಮಾಡಬೇಕಿದ್ದು, ಪಾಯ ತೆಗೆದಾಗ ಬಂದ ಕರಿಮಣ್ಣನ್ನೇ ತುಂಬಿ, ನೀರು ಬಿಟ್ಟು, ಮೇಲೆ ನಾಲ್ಕು ಇಂಚು ಬೆಡ್ ಕಾಂಕ್ರೀಟ್ ಹಾಕಿ ಟೈಲ್ಸ್ ಕೂರಿಸಬಹುದೆಂದು ಗುತ್ತಿಗೆದಾರರು ಹೇಳುತ್ತಾರೆ. ಗರಸು ತರಿಸಿದರೆ ಖರ್ಚು ಹೆಚ್ಚುತ್ತದೆ. ತಿಳಿದವರು ದಯವಿಟ್ಟು ಸಲಹೆ ನೀಡಿ.

ಉತ್ತರ (ಸಿವಿಲ್ ಇಂಜಿನಿಯರ್, ಹುಬ್ಬಳ್ಳಿ)
ದಯವಿಟ್ಟು ಆ ಮಣ್ಣನ್ನು ಒಳಗೆ ತುಂಬಿಸಬೇಡಿ. ಗೋಡೆ, ಛಾವಣಿಗಳ ಭಾರ ಕಂಬಗಳ ಮೂಲಕ ಗಟ್ಟಿ ಪದರಕ್ಕೆ ಇಳಿಯುತ್ತದೆ. ನೆಲ ಮಾತ್ರ ಭರ್ತಿಯ ಮೇಲೆಯೇ ನಿಂತಿರುತ್ತದೆ. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜವು ನೀರು ಹೀರಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಮಣ್ಣು ಇದೇ ಅಲ್ಲವೇ? ಗೋಡೆ ಕದಲದೆ ನೆಲ ಮಾತ್ರ ಏಳುವುದರಿಂದ ಕೋಣೆಯ ನಡುವೆ ಟೈಲ್ಸ್ ಉಬ್ಬಿ, ಗೋಡೆಯ ಬುಡದ ಸ್ಕರ್ಟಿಂಗ್ ಪಟ್ಟಿಯ ಬದಿಯಲ್ಲಿ ಸಂದು ಬಿಡುತ್ತದೆ, ಬಾಗಿಲುಗಳು ನೆಲಕ್ಕೆ ಉಜ್ಜತೊಡಗುತ್ತವೆ.

ಒಳಗಿರುವ ಮೂಲ ಎರೆಯನ್ನೂ ಕನಿಷ್ಠ ಒಂದೂವರೆ ಅಡಿ ಕೆತ್ತಿ ತೆಗೆಯಿಸಿ, ಗರಸು ತುಂಬಿಸಿ. ಎರೆಯ ಮೇಲೆ ಅಂಟುಗುಣವಿದ್ದೂ ಉಬ್ಬದ ಮಣ್ಣಿನ ಸುಮಾರು ಒಂದು ಮೀಟರ್ ದಪ್ಪದ ಪದರ ಹಾಕಿದರೆ ಉಬ್ಬರ ಹತ್ತಿಕ್ಕಲ್ಪಡುತ್ತದೆ ಎಂಬುದನ್ನು ಐಐಟಿ ಬಾಂಬೆಯ ಪ್ರೊ. ಆರ್. ಕೆ. ಕಟ್ಟಿ ಅವರು ಪ್ರಯೋಗಗಳಿಂದ ತೋರಿಸಿದ್ದಾರೆ. ಆದ್ದರಿಂದ ಬರೀ ಮರಳಿನಂತೆ ನೀರು ಇಳಿಸುವ ಗರಸಿಗಿಂತ ಸ್ವಲ್ಪ ಅಂಟಿರುವ ಕೆಂಪು ಗರಸು ಮೇಲು. ಮೂರು ಅಡಿಯನ್ನೂ ಒಮ್ಮೆಲೇ ಸುರಿದು ನೀರು ನಿಲ್ಲಿಸಿದರೆ ಮೇಲ್ಪದರ ಗಟ್ಟಿಯಾಗಿ ಕಂಡರೂ ಅಡಿಯಲ್ಲಿ ಸಡಿಲವೇ ಉಳಿಯುತ್ತದೆ. ಆರು ಇಂಚಿನ ಪದರ ಹರಡಿ, ಹದವಾಗಿ ನೀರು ಚಿಮುಕಿಸಿ, ಮಣ್ಣು ಕುಟ್ಟುವ ಯಂತ್ರವಾದ ಪ್ಲೇಟ್ ಕಂಪ್ಯಾಕ್ಟರ್‌ನಿಂದ ಕೂರಿಸಿದ ಮೇಲೆಯೇ ಮುಂದಿನ ಪದರ ಹಾಕಬೇಕು. ಬಳಿಕ ಗೆದ್ದಲು ನಿರೋಧಕ ಸಿಂಪಡಿಸಿ, 1:4:8 ಪ್ರಮಾಣದ (ಸಿಮೆಂಟ್, ಮರಳು, ಜಲ್ಲಿ) ಬೆಡ್ ಕಾಂಕ್ರೀಟ್ ಹಾಕಿಸಿ.

ಉತ್ತರ (ಗದಗ)
ಮೇಲಿನ ಮಾತಿಗೆ ನೀರಿನ ವಿಷಯವನ್ನು ಸೇರಿಸುತ್ತೇನೆ. ಬಚ್ಚಲಿನ ಪೈಪುಗಳನ್ನು ಬೆಡ್ ಹಾಕುವ ಮೊದಲೇ ಜೋಡಿಸಿ, ನೀರು ತುಂಬಿ ಒಂದು ರಾತ್ರಿ ಬಿಟ್ಟು, ಜಾಯಿಂಟುಗಳಲ್ಲಿ ಜಿನುಗು ಇದೆಯೇ ಎಂದು ನೋಡಿರಿ. ಮನೆಯ ಸುತ್ತ ಮೂರು ಅಡಿ ಅಗಲಕ್ಕೆ ಹೊರಗಡೆ ಇಳಿಜಾರಿರುವ ಕಾಂಕ್ರೀಟ್ ಪಟ್ಟಿ ಇರಲಿ. ಛಾವಣಿಯ ಮಳೆನೀರು ಪಾಯದ ಬುಡಕ್ಕೆ ಬೀಳಬಾರದು.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಬೆಡ್‌ನಲ್ಲಿ ಕಬ್ಬಿಣದ ಜಾಲರಿ ಹಾಕಿದರೆ ಕರಿಮಣ್ಣಿನ ಮೇಲೆಯೂ ನಡೆಯುತ್ತದೆಯೇ?

ಉತ್ತರ (ಸಿವಿಲ್ ಇಂಜಿನಿಯರ್, ಹುಬ್ಬಳ್ಳಿ)
ಇಲ್ಲ. ಜಾಲರಿ ಬಿರುಕನ್ನು ಸಣ್ಣದಾಗಿಸುತ್ತದೆಯೇ ಹೊರತು ನೆಲ ಏಳುವುದನ್ನು ತಡೆಯುವುದಿಲ್ಲ. ಗರಸು ಸಿಗದಿದ್ದರೆ ಪ್ಲಿಂತ್ ಬೀಮುಗಳ ಮೇಲೆ, ಅಡಿಯಲ್ಲಿ ಜಾಗ ಬಿಟ್ಟು, ಸ್ಲ್ಯಾಬ್ ನೆಲ ಮಾಡಿಸಬಹುದು. ಅದಕ್ಕೆ ಖರ್ಚು ಹೆಚ್ಚು. ಗರಸಿನ ಲೆಕ್ಕ ಹೀಗಿದೆ: ಒಳ ವಿಸ್ತೀರ್ಣ 900 ಚದರ ಅಡಿ ಇದ್ದರೆ ಮೂರು ಅಡಿ ಭರ್ತಿಗೆ 2,700 ಘನ ಅಡಿ, ಅಂದರೆ 27 ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ) ಬೇಕು. ಕೆತ್ತಿ ತೆಗೆದ ಒಂದೂವರೆ ಅಡಿಗೆ ಮತ್ತೆ ಹದಿಮೂರೂವರೆ ಬ್ರಾಸ್ ಸೇರುತ್ತದೆ. ಕುಟ್ಟಿದಾಗ ಗರಸು ಇಳಿಯುವುದರಿಂದ ಇನ್ನೂ ನಾಲ್ಕನೆಯ ಒಂದು ಭಾಗ ಹೆಚ್ಚಿಗೆ ತರಿಸಬೇಕಾದೀತು. ದರವನ್ನು ಲಾರಿ ಲೆಕ್ಕದಲ್ಲಿ ಒಪ್ಪದೆ, ಕುಟ್ಟಿ ಕೂರಿಸಿದ ಭರ್ತಿಯ ಅಳತೆಗೆ ಒಪ್ಪಂದ ಬರೆಸಿಕೊಳ್ಳಿ.